ಖಲೀಲನ ಕೈಯಲ್ಲಿದ್ದ ಕರಡಿಗೆ

॥ ಶ್ರೀ ಗುರು ಬಸವಲಿಂಗಾಯ ನಮಃ ॥

ಮಟಕಿ, ತಾ. ಆಳಂದ
೨೨-೧೨-೨೦೨೫, ಸೋಮವಾರ

ಚಿ. ಶೈಲಶ್ರೀಗೆ ಆಶೀರ್ವಾದಗಳು.

ಬರೆಯುತ್ತಿರುವವಳು ಮಟಕಿಯ ಮಾಲಿಪಾಟೀಲರ ಮನೆಯ ಹಿರಿಯಳು, ಸುಭದ್ರಾಬಾಯಿ. ಸೊಸೆಗೆ ಅತ್ತೆಯ ಪರಿಚಯ ಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಈ ಪತ್ರವನ್ನು ಅಳುವ ಮುದುಕಿಯೊಬ್ಬಳು ಬರೆದಳೆಂದು ನೀನು ತಿಳಿಯಬಾರದು. ನಾನು ಅಫಜಲಪುರದ ಹೈಸ್ಕೂಲಿನಲ್ಲಿ ಮೆಟ್ರಿಕ್ ಪಾಸಾದವಳು. ನಿನ್ನ ಮಾವ ಲಿಂಗೈಕ್ಯರಾದ ಮೇಲೆ ಈ ಮನೆಯ ಬಿತ್ತನೆ, ಬೀಗತನ, ಊರಿನ ನ್ಯಾಯ ಎಲ್ಲ ನನ್ನ ಮಾತಿನಂತೆ ನಡೆದಿವೆ. ನಾನು ಪಡಸಾಲೆಗೆ ಬಂದರೆ ಕುಳಿತವರು ಏಳುತ್ತಾರೆ. ಆಡಿದ ಮಾತನ್ನು ನಾನು ಇದುವರೆಗೆ ಹಿಂದೆ ತೆಗೆದುಕೊಂಡಿಲ್ಲ.

ಮೇಲೆ ‘ಚಿ.’ ಎಂದು ಬರೆದ ಕೂಡಲೇ ರೂಢಿಯಂತೆ ‘ಸೌ.’ ಬರೆಯಲು ಕೈ ಹೋಯಿತು. ನಿಲ್ಲಿಸಿದೆ. ಪೆನ್ನು ಕೆಳಗಿಟ್ಟು ಒಲೆ ನೋಡಿಬರುತ್ತೇನೆಂದು ಎದ್ದು ಹೋದೆ. ಒಲೆ ಹೊತ್ತಿರಲಿಲ್ಲ.

ಹೋದ ತಿಂಗಳು ನೀನು ಹೈದರಾಬಾದಿನಿಂದ ಫೋನು ಮಾಡಿದ್ದೆ. ಇಂಜಿನ್ನಿನ ಗೋಡೆಯನ್ನು ಹೊಸದಾಗಿ ಕಟ್ಟಿದ್ದೇವೆ, ಮತ್ತೆ ಪರೀಕ್ಷೆ ಇದೆ, ಅದಕ್ಕೆ ಮೊದಲು ಮಗಳು ಜಯಮಾಲಾಳನ್ನು ಕಳಿಸಿಕೊಡಿ ಎಂದಿದ್ದೆ. ನಾನು ವರ್ಷದ ಹಿಂದೆ ಹೇಳಿದ್ದನ್ನೇ ಹೇಳಿದೆ. ಆ ಇಂಜಿನ್ ಬಿಡು, ಮಗುವನ್ನು ಒಯ್ಯಿ. ಜೇವರ್ಗಿಯಿಂದ ನಿನ್ನಪ್ಪ ಮಲ್ಲಣ್ಣನವರೂ ಬಂದಿದ್ದರು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ನೋಡೋಣ, ಮಗು ಮಟಕಿಯಲ್ಲೇ ಇರಲಿ, ತಾಯಿಯೂ ಇಲ್ಲೇ ಇರಲಿ ಎಂದರು. “ನೀವ ಒಂದ ಮಾತ ಅನ್ರಿ ಬೀಗಿತಿ, ನಿಮ್ಮ ಮಾತ ಮೀರಂಗಿಲ್ಲ ಆಕಿ” ಎಂದರು. ಮಗಳನ್ನು ಅವರು ಇನ್ನೂ ಅರಿತಿಲ್ಲ. ಫೋನಿನಲ್ಲಿ ನೀನು ಏನೆಂದೆ ಎಂಬುದು ನನಗೆ ನೆನಪಿದೆ. “ಬಿಡಂಗಿಲ್ಲ ಅವ್ವಾ. ನಾ ಬಿಟ್ರ ನಿಮ್ಮ ಮಗ ಸುಮ್ಮನ ಸತ್ತಂಗ ಆಗ್ತದ.” ನಾನು ಫೋನು ಇಟ್ಟೆ. ಮಗು ಬಾಗಿಲಲ್ಲಿ ನಿಂತಿತ್ತು. ಯಾರದು ಆಯಿ ಎಂದು ಕೇಳಿತು. ಹತ್ತಿ ವ್ಯಾಪಾರಿ ಎಂದೆ.

ಮಣ್ಣಿನ ದಿನದ ಮಾತು ಈಗ ಬರೆಯಬೇಕು. ಸಿದ್ದಲಿಂಗನನ್ನು ಪೆಟ್ಟಿಗೆಯಲ್ಲಿ ತಂದಿದ್ದರು. ತೆರೆಯಬೇಡಿ ಎಂದು ಜೊತೆಗೆ ಬಂದವರು ಕೈ ಮುಗಿದರು. ಮಗನನ್ನು ಕೂಡಿಸದೆ ಮಣ್ಣಿಗಿಡುವ ರೂಢಿ ನಮ್ಮಲ್ಲಿಲ್ಲ, ತೆರೆಸಿದೆ. ಮುಖಕ್ಕೆ ಬಟ್ಟೆ ಸುತ್ತಿತ್ತು. ಬಟ್ಟೆಗೆ ಕೈ ಹಾಕಿದಾಗ ಗುರುಪಾದ ನನ್ನ ಕೈ ಹಿಡಿದ. “ಬ್ಯಾಡ ಯವ್ವಾ, ಅಣ್ಣನ ಆಣಿ” ಎಂದ. ಆಗ ಕೊರಳು ಮುಟ್ಟಿ ನೋಡಿದೆ. ಅವನ ಲಿಂಗವಿಟ್ಟ ಕರಡಿಗೆಗಾಗಿ ನೋಡಿದೆ. ಆಳಂದದ ಪತ್ತಾರನ ಕೈಯಲ್ಲಿ ಬೆಳ್ಳಿಯಲ್ಲಿ ಮಾಡಿಸಿ, ನಿಮ್ಮ ಮದುವೆಯ ಮುಂಜಾನೆ ನಾನೇ ಅವನ ಕೊರಳಿಗೆ ಕಟ್ಟಿದ್ದು. ಕೊರಳು ಬರಿದಾಗಿತ್ತು.

ಲಿಂಗವಂತರ ಮಗ ಭವಿಯ ಹಾಗೆ ಮೈಮೇಲೆ ಲಿಂಗವಿಲ್ಲದೆ ಪ್ರಾಣ ಬಿಟ್ಟ. ಅಯ್ಯನವರು ಮಠದಿಂದ ಬೇರೆ ಲಿಂಗ ತರಿಸಿ ಅವನ ಅಂಗೈಯಲ್ಲಿ ಇಡಬೇಕಾಯಿತು. ಆಗ ನೆರೆದ ಊರಿನ ಮುಂದೆ ನಾನು ನಿನಗೆ ಅಂದದ್ದು ನಿನಗೆ ನೆನಪಿದೆ, ಮಟಕಿಗೂ ನೆನಪಿದೆ. “ನಿನ್ನ ಇಂಜಿನ್ನಿಗೆ ನನ್ನ ಮಗನ್ನ ಭವಿ ಮಾಡಿ ಕೊಟ್ಟಿ. ನಿನ್ನ ಕೊರಳಾಗಿನ ಲಿಂಗನೂ ಇನ್ನ ಶೋಭಿಸಂಗಿಲ್ಲ.” ಮಗುವನ್ನು ನಿನ್ನ ಸೊಂಟದಿಂದ ತೆಗೆದುಕೊಂಡೆ. ನೀನು ಒಂದೇ ಒಂದು ಮಾತು ಆಡಿದೆ. “ಗ್ವಾಡಿ ನಂದ ಇತ್ತು ಅವ್ವಾ” ಎಂದೆ. ನಾನು ಅದನ್ನು ತಪ್ಪೊಪ್ಪಿಗೆ ಎಂದುಕೊಂಡೆ.

ಆ ಗೋಡೆ ಯಾವುದು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಿಮ್ಮ ಮೊದಲ ದೀಪಾವಳಿಗೆ ಬಂದಾಗ ಅವನೇ ಹೇಳಿಕೊಟ್ಟಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಾಡುವ ಕೆಲಸವೇನೆಂದು ಕೇಳಿದೆ. “ವಿಮಾನ ಯವ್ವಾ. ನೀ ಈ ರೊಟ್ಟಿ ಬಡದು, ಹಂಚಿನ ಮ್ಯಾಲ ಹಾಕಿ, ತಿರುವಿ ತಗಿಯೂದ್ರಾಗ ಮಟಕಿಯಿಂದ ಹೈದರಾಬಾದ ಮುಟ್ಟಬೇಕು” ಎಂದ. ಹಾಗಿದ್ದರೆ ಬಸ್ಸಿನಲ್ಲಿ ನಿಂತುಕೊಂಡು ಯಾಕೆ ಬಂದಿರಿ ಎಂದೆ. ನಗುತ್ತಾ ಎದ್ದು ಹಿತ್ತಿಲ ಬಾಗಿಲು ತೆರೆದ. ಗಾಳಿ ನುಗ್ಗಿ ನನ್ನ ಹಿಟ್ಟೆಲ್ಲ ಹಾರಿತು. ಗೋಡೆಯ ಮಾಡದಲ್ಲಿದ್ದ ದೀಪ ತೋರಿಸಿ, ಇದು ಯಾಕೆ ಆರಲಿಲ್ಲ ಹೇಳು ಎಂದ. “ಮಾಡ ಕೊರಿಯುವಾಗ ನಿಮ್ಮ ಮುತ್ಯಾಗ ಬುದ್ಧಿ ಇತ್ತು, ಅದಕ್ಕ” ಎಂದೆ.

ನಮ್ಮ ಇಂಜಿನ್ನಿನಲ್ಲೂ ಗೋಡೆಯಲ್ಲಿ ಒಂದು ಮಾಡ ಕೊರೆದಿದ್ದೇವೆ ಎಂದ. ಬೇರೆ ವಿಮಾನಗಳ ಇಂಜಿನ್ ಗಾಳಿಯನ್ನು ಒಳಗೆ ಎಳೆದು ನಿಧಾನ ಮಾಡಿ ಆಮೇಲೆ ಬೆಂಕಿ ಹಚ್ಚುತ್ತದಂತೆ. ಇಷ್ಟು ವೇಗದಲ್ಲಿ ಹಾಗೆ ಮಾಡಲಾಗದು, ತಡೆದರೆ ಆ ಗಾಳಿಯೇ ಬೆಂಕಿಯಾಗುತ್ತದೆ. ಆದ್ದರಿಂದ ಸದ್ದಿಗಿಂತ ಮುಂದೆ ಓಡುವ ಗಾಳಿಯೊಳಗೇ ಎಣ್ಣೆ ಬೆರೆಯಬೇಕು, ಹೊತ್ತಬೇಕು, ಉರಿದು ಮುಗಿಯಬೇಕು. ಎಷ್ಟು ಹೊತ್ತಿನಲ್ಲಿ ಎಂದು ಕೇಳಿದೆ. ರೆಪ್ಪೆ ಬಡಿಯುವುದರೊಳಗೆ ಅಂದರೂ ತಡವಾಯಿತು ಎಂದ. ಗಾಳಿಗೆ ಸಿಗದಂತೆ ಆ ಮಾಡದಲ್ಲಿ ಒಂದಿಷ್ಟು ಉರಿ ಸುತ್ತುತ್ತಾ ನಿಂತರೆ, ಹಾದುಹೋಗುವ ಗಾಳಿಗೆಲ್ಲ ಅದೇ ಬೆಂಕಿ ಹಚ್ಚುತ್ತದೆ. ಅದನ್ನು ಆರದಂತೆ ನಿಲ್ಲಿಸುವುದು ಅವನ ಕೆಲಸ.

ನೀನು ಅಲ್ಲಿಯವರೆಗೆ ಸುಮ್ಮನೆ ಬದನೆಕಾಯಿ ಹೆಚ್ಚುತ್ತಿದ್ದೆ. “ಇವರದು ಬೆಂಕಿ ಹಚ್ಚೂ ಕೆಲಸ ಅವ್ವಾ. ಗ್ವಾಡಿ ಉಳಿಸೂದು ನಂದು” ಎಂದೆ. ಆ ಶಾಖಕ್ಕೆ ಕಬ್ಬಿಣ ಬೆಲ್ಲದ ಹಾಗೆ ಮೆತ್ತಗಾಗುತ್ತದೆ. ತಂಪು ಮಾಡಲು ನೀರು ಹೊತ್ತು ಹಾರಲಾಗದು. ಅದಕ್ಕೇ ಉರಿಯಬೇಕಾದ ಎಣ್ಣೆಯನ್ನೇ ಮೊದಲು ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಓಡಿಸುತ್ತೀರಿ. ಅದು ಗೋಡೆಯ ಶಾಖವನ್ನೆಲ್ಲ ತಾನು ಹೀರಿಕೊಂಡು, ಆಮೇಲೆ ಹೋಗಿ ಉರಿಯುತ್ತದೆ. ನಾನು ಕೇಳಿ ನಕ್ಕೆ. “ಮನಿ ಎಲ್ಲಾ ತಂಪ ಮಾಡಿ ಕಡೀಗೆ ತಾ ಉರಿಯೂದು. ಅತ್ತೀ ಮನ್ಯಾಗ ಸೊಸಿ ಇದ್ದಂಗ ಆತಲ್ಲ ಬೇ” ಎಂದೆ. ನೀನೂ ನಕ್ಕೆ. ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೊಂದೇ ಸಲ. ಅವನು ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದ, ಏನೋ ದೊಡ್ಡದು ಗೆದ್ದವನ ಹಾಗೆ.

ಅವನನ್ನು ಆ ಗೋಡೆಯೇ ತಿಂದಿತೆಂದು ವರ್ಷವಿಡೀ ನಿನ್ನನ್ನು ಶಪಿಸಿದೆ. ಇನ್ನು ಮೊನ್ನೆಯ ಮಾತು.

ಶುಕ್ರವಾರ ಎಳ್ಳಮಾಸಿ ಹಬ್ಬ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಎಲ್ಲರೂ ಬಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದೆವು. ಒಂದು ಬುತ್ತಿಯನ್ನು ನಾನು ಬಿಚ್ಚಿರಲಿಲ್ಲ. ಯಾರಿಗತ್ತಿ ಇದು ಎಂದು ಗುರುಪಾದನ ಹೆಂಡತಿ ಕೇಳಿದಳು. ಆಳುಗಳಿಗೆ ಎಂದೆ. ಮನೆಗೆ ಬಂದರೆ ಕಟ್ಟೆಯ ಮೇಲೆ ಒಬ್ಬ ಕುಳಿತಿದ್ದ. ಎಡಗೈಗೆ ಕರವಸ್ತ್ರ ಸುತ್ತಿಕೊಂಡು ಬಲಗೈಯಿಂದ ಅದನ್ನು ಹಿಡಿದಿದ್ದ, ಗಾಯವಾದವರ ಹಾಗೆ.

“ಯಾರಪಾ ನೀ?” ಎಂದ ಗುರುಪಾದ.

“ಆಳಂದದ ಖಲೀಲರೀ. ಸಿದ್ದಲಿಂಗ ಸಾಹೇಬ್ರ ಜೋಡಿ ಅಲ್ಲೇ ಕೆಲಸ ಮಾಡ್ತೇನ್ರಿ. ಅಮ್ಮಾರ ಹಂತ್ಯಾಕ ಒಂದ ಸಾಮಾನ ಕೊಡೂದದ.”

ಒಳಗೆ ಬಾ ಎಂದು ನಾನು ಅನ್ನಲಿಲ್ಲ. ಕಟ್ಟೆಯ ಮೇಲೆಯೇ ಅವನು ಕರವಸ್ತ್ರ ಬಿಚ್ಚಿದ. ಬೆಳ್ಳಿಯ ಕರಡಿಗೆ. ಒಂದು ಮೂಲೆಯಲ್ಲಿ ಪತ್ತಾರನ ಉಳಿ ಜಾರಿದ ಗೀರು ಇದೆ, ನಿನಗೂ ಗೊತ್ತು. ಬೇರೆ ಮಾಡಿಕೊಡು ಎಂದು ನಾನು ಅವನೊಡನೆ ಜಗಳವಾಡಿದ್ದೆ, ಸಿದ್ದಲಿಂಗ ಇರಲಿ ಬಿಡು ಎಂದಿದ್ದ. ಆ ಗೀರು ಅಲ್ಲಿಯೇ ಇತ್ತು. ನಾನು ಕಂಬ ಹಿಡಿದು ಕುಳಿತೆ. ನಿನಗೆ ಇದೆಲ್ಲಿ ಸಿಕ್ಕಿತು ಎಂದು ಕೇಳಿದೆ.

“ಸಿಕ್ಕಿದ್ದಲ್ರೀ ಅಮ್ಮಾ, ಅವರೇ ಕೊಟ್ಟದ್ದು. ಆ ಇಂಜಿನ ಕೋಣಿಗೆ ಹೋಗೂವಾಗ ಮೈಮ್ಯಾಲ ಉಂಗರ, ಉಡದಾರ, ಏನೂ ಇರಬಾರ್ದ್ರಿ. ಕಿಡಿ ಹಾರಿದ್ರ ಮುಗೀತು. ಎಲ್ಲಾರೂ ಬಿಚ್ಚಿ ಕಬ್ಬಿಣದ ಪೆಟ್ಟಿಗ್ಯಾಗ ಇಡ್ತಾರ. ಸಾಹೇಬ್ರು ಮೊದಲ ದಿನ ಲಿಂಗ ಬಿಚ್ಚಿ ಹಂಗೇ ಹಿಡಕೊಂಡ ನಿಂತಿದ್ರು. ಇಡ್ರಿ ಅಂದ್ರ ಇಡವಲ್ಲರು. ನಮ್ಮವ್ವ ಕಟ್ಟಿದ್ದು ಖಲೀಲ, ಪೆಟ್ಟಿಗ್ಯಾಗ ಹ್ಯಾಂಗ ಇಡಲಿ, ಇದು ಮನಷ್ಯಾನ ಮೈಗೆ ಹತ್ತಿ ಇರಬೇಕು ಅಂದ್ರು. ನಾ ಹೊರಗ ಯಂತ್ರದ ಮುಂದ ಕೂಡಾಂವ. ನನ್ನ ಕೈ ನಡೀತದೇನ್ರಿ ಅಂದ್ನಿ. ನಕ್ಕು, ಕೈ ಬೆಚ್ಚಗ ಅದನೂ ಅಂತ ಕೇಳಿದ್ರು. ಅದರಿ ಅಂದ್ನಿ. ಹಂಗಾದ್ರ ನಡೀತದ ಅಂದ್ರು.”

ಅಂದಿನಿಂದ ಪ್ರತಿ ಪರೀಕ್ಷೆಯಲ್ಲೂ ಅದು ಅವನ ಎಡ ಅಂಗೈಯಲ್ಲಿ ಇರುತ್ತಿತ್ತಂತೆ. ಬಲಗೈಯಿಂದ ಕೆಲಸ. ಮೂಗು ತುರಿಸಿದರೂ ಕೆಳಗಿಟ್ಟಿಲ್ಲ ಎಂದ. ಸಿದ್ದಲಿಂಗ ಹೊರಬಂದ ಕೂಡಲೇ ಮೊದಲು ಲಿಂಗ ಕಟ್ಟಿಕೊಂಡು, ಆಮೇಲೆ ನೀರು ಕುಡಿಯುತ್ತಿದ್ದನಂತೆ.

ಆ ದಿನ ಏನಾಯಿತು ಎಂದೂ ಅವನನ್ನೇ ಕೇಳಿದೆ. ನಿನ್ನ ಬಾಯಿಂದ ಕೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಅಂದು ಎಂದಿಗಿಂತ ಉದ್ದದ ಪರೀಕ್ಷೆ. ಅಷ್ಟು ಹೊತ್ತಿನ ಶಾಖಕ್ಕೆ ಕಾಲುವೆಗಳಲ್ಲಿ ಓಡುತ್ತಿದ್ದ ಎಣ್ಣೆ ಒಂದು ಕಡೆ ಕರಕಾಗಿ ಕಟ್ಟಿಕೊಂಡಿತು, ನಮ್ಮ ಕಬ್ಬಿನ ಹನಿ ನೀರಾವರಿಯ ಪೈಪಿನಲ್ಲಿ ಉಪ್ಪು ಕಟ್ಟುವ ಹಾಗೆ. ತಂಪು ಮುಟ್ಟದ ಜಾಗದಲ್ಲಿ ಗೋಡೆ ತೂತು ಬಿದ್ದಿತು. ಕೂಡಲೇ ಎಲ್ಲ ನಿಲ್ಲಿಸಿದರು. ಬೆಂಕಿ ಆರಿತು. ಕಾಯಬೇಕಾದಷ್ಟು ಕಾದರು. ಪರದೆಯ ಮೇಲೆ ಗೋಡೆ ತಣ್ಣಗಾಯಿತೆಂದು ಬಂದ ಮೇಲೆಯೇ ಸಿದ್ದಲಿಂಗ ಒಳಗೆ ಹೋದ. ಆದರೆ ಶಾಖ ಅಳೆಯುವ ತಂತಿ ಆ ಜಾಗದಲ್ಲಿ ತಾನೇ ಸುಟ್ಟುಹೋಗಿತ್ತು. ಸುಟ್ಟದ್ದಕ್ಕೇ ಅದು ತಂಪು ಎಂದು ತೋರಿಸುತ್ತಿತ್ತು. ಕಾಲುವೆಯಲ್ಲಿ ಉಳಿದಿದ್ದ ಎಣ್ಣೆ ಕಾದ ಗೋಡೆಯ ಮೇಲೆ ಸುರಿದು ಹೊತ್ತಿಕೊಂಡಿತು.

“ಮೇಡಂರು ಇನ್ನಷ್ಟು ಕಾಯೂಣು ಅಂದಿದ್ರರಿ” ಎಂದ ಖಲೀಲ. “ಸಾಹೇಬ್ರು ಕೇಳಲಿಲ್ಲ. ನಿನ್ನ ಗ್ವಾಡಿಗೆ ಏನಾತು ನಾನೇ ಮೊದಲ ನೋಡಿ ಹೇಳ್ತೀನಿ, ನೀ ಅಳಬ್ಯಾಡ ಅಂತಂದು ಹೋದ್ರು.”

ಇದನ್ನು ನೀನು ನನಗೆ ಹೇಳಲಿಲ್ಲ. ‘ಗೋಡೆ ನನ್ನದಿತ್ತು’ ಎಂದಷ್ಟೇ ಹೇಳಿದೆ.

ವರ್ಷವಿಡೀ ಇದನ್ನು ಯಾಕೆ ತರಲಿಲ್ಲ ಎಂದು ಗುರುಪಾದ ಅವನ ಮೇಲೆ ಸಿಟ್ಟಾದ. ಖಲೀಲ ನೆಲ ನೋಡುತ್ತಾ ಹೇಳಿದ. “ಮಣ್ಣಿಗೆ ಬಂದಿದ್ನಿರಿ. ಮಂದ್ಯಾಗ ಹಿಂದ ನಿಂತಿದ್ನಿ. ಅಮ್ಮಾರು ಮೇಡಂರಿಗೆ ಅಂದ ಮಾತ ಕೇಳಿದ್ನಿ. ಆವಾಗ ಇದು ನನ್ನ ಕಿಸೆದಾಗ ಇತ್ತರಿ. ನನ್ನ ಕೈಲಿಂದ ತಗದು ಕೊಟ್ರ ಸಾಹೇಬ್ರ ಹೆಸರಿಗೆ ಮತ್ತೊಂದು ಮಾತ ಬರ್ತದಂತ ಅಂಜಿದ್ನಿ. ಮೇಡಂರಿಗೆ ಕೊಡಾಕ ಹೋದ್ರ, ಅವ್ವಗ ಕೊಡು, ನನ್ನ ಕೈಲಿಂದ ತಗೊಳ್ಳಂಗಿಲ್ಲ ಆಕಿ ಅಂದ್ರು. ಈ ಮನಿ ಕಟ್ಟಿ ಹತ್ತೂ ಧೈರ್ಯ ಇವತ್ತ ಬಂತರಿ.”

ಅಂದರೆ ಅಂದು ನೀನು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಲಿಂಗ ಅಗೋ ಅವನ ಕಿಸೆಯಲ್ಲಿದೆ ಎಂದು ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ಮಗನ ಲಿಂಗ ಮುಸಲ್ಮಾನನ ಕಿಸೆಯಲ್ಲಿದೆ ಎಂದು ತಿಳಿದಿದ್ದರೆ ಆ ಮಂದಿಯ ನಡುವೆ ನಾನು ಅವನಿಗೆ ಏನು ಮಾಡಿಸುತ್ತಿದ್ದೆನೋ ನಿನಗೆ ಗೊತ್ತಿತ್ತು. ಅವನನ್ನು ಉಳಿಸಲು ನೀನು ನನ್ನ ಮಾತನ್ನು ನುಂಗಿಕೊಂಡೆ. ನನ್ನನ್ನು ನೀನು ಚೆನ್ನಾಗಿಯೇ ಬಲ್ಲೆ.

ಖಲೀಲನಿಗೆ ಆ ಬಿಚ್ಚದ ಬುತ್ತಿಯನ್ನು ಕೊಟ್ಟೆ. ಹಸಿದಿದ್ದ, ಉಂಡ. ನಿನ್ನ ಕೊರಳು ಈಗ ಬರಿದಾಗಿದೆ, ನಿನ್ನ ಲಿಂಗವನ್ನು ದೇವರ ಮುಂದೆ ಇಟ್ಟು ಕೈ ಮುಗಿಯುತ್ತೀ, ಕಟ್ಟಿಕೊಳ್ಳುವುದಿಲ್ಲ ಎಂದು ಅವನೇ ಹೇಳಿದ.

ಶನಿವಾರ ಅಯ್ಯನವರನ್ನು ಕರೆಸಿ ಕೇಳಿದೆ. ಗದ್ದುಗೆ ಒಮ್ಮೆ ಮುಚ್ಚಿದ ಮೇಲೆ ತೆರೆಯುವಂತಿಲ್ಲ, ಒಬ್ಬರ ಲಿಂಗ ಇನ್ನೊಬ್ಬರು ಕಟ್ಟಿಕೊಳ್ಳುವಂತಿಲ್ಲ, ಹೊಳೆಗೆ ಬಿಡಿ ಎಂದರು. ಯಾರ ಕೈಯಲ್ಲೋ ಇತ್ತಲ್ಲ, ಶುದ್ಧಿ ಮಾಡಬೇಕಲ್ಲ ಎಂದು ಗುರುಪಾದ ಶುರು ಮಾಡಿದ. ನನ್ನ ಮಗ ಯಾವ ಕೈ ಒಪ್ಪಿದನೋ ಅದನ್ನು ನಾನು ತೊಳೆಯುವುದಿಲ್ಲ ಎಂದೆ. ನಿನ್ನೆ ಅಫಜಲಪುರಕ್ಕೆ ಹೋಗಿ, ನಾನು ಹುಡುಗಿಯಾಗಿ ನೀರು ಹೊತ್ತ ಭೀಮೆಯ ದಡದಲ್ಲಿ ಇಳಿದೆ. ಕರಡಿಗೆಯಿಂದ ಲಿಂಗ ತೆಗೆದು, ನೀರಿನೊಳಗೆ ಕೈ ಇಟ್ಟು ಬೆರಳು ಬಿಚ್ಚಿದೆ. ಬೆರಳು ಬಿಚ್ಚಲು ಹೊತ್ತು ಹಿಡಿಯಿತು. ಗುರುಪಾದ ದಡದಿಂದ ಕರೆಯುತ್ತಲೇ ಇದ್ದ.

ಇನ್ನು ಉಳಿದದ್ದು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಜಯಮಾಲಾ ಬಸ್ಸಿನೊಳಗೆ ಕುಳಿತಿದ್ದಾಳೆ. ಕಿಟಕಿಯ ಪಕ್ಕ, ಖಲೀಲನ ತಾಯಿ ಕರೀಮುನ್ನಿಸಾಳ ತೊಡೆಯ ಮೇಲೆ. ಆಕೆ ಮಗನ ಜೊತೆ ಹೈದರಾಬಾದಿಗೆ ಹೊರಟಿದ್ದಾಳೆ. ಆ ಊರಿಗೆ ಕಾಲಿಡುವುದಿಲ್ಲವೆಂದು ಗುರುಪಾದ ಹಟ ಹಿಡಿದ. ಪಾಟೀಲರ ಮಗಳನ್ನು ಅವರ ಜೊತೆ ಕಳಿಸಿದರೆ ಊರು ಏನಂತದ ಯವ್ವಾ ಎಂದ. ಅನ್ನುವ ಊರು ನನ್ನ ಪಡಸಾಲೆಗೆ ಬಂದು ಅನ್ನಲಿ ಎಂದೆ. ಇಂಜಿನ್ ಬಿಡು ಎಂದು ಇನ್ನು ನಾನು ಹೇಳುವುದಿಲ್ಲ. ತಪ್ಪಾಯಿತು ಎಂಬ ಮಾತೂ ನನ್ನ ಬಾಯಿಗೆ ಬರುವುದಿಲ್ಲ, ಅದಕ್ಕೆ ಕಾಯಬೇಡ.

ಮಗು ಸಜ್ಜೆ ರೊಟ್ಟಿಗೆ ಬೆಣ್ಣೆ ಇಲ್ಲದೆ ಉಣ್ಣುವುದಿಲ್ಲ. ಗುಡುಗಿಗೆ ಅಂಜುತ್ತಾಳೆ, ಅಂಜಿಲ್ಲವೆಂದು ಸುಳ್ಳು ಹೇಳುತ್ತಾಳೆ. ಆಗ ಸುಮ್ಮನೆ ಹತ್ತಿರ ಹೋಗಿ ಕೂತರೆ ಸಾಕು. ಬಟ್ಟೆಯ ಚೀಲದ ಅಡಿಯಲ್ಲಿ ಆ ಬೆಳ್ಳಿಯ ಕರಡಿಗೆ ಇದೆ. ಲಿಂಗ ಗುರು ಕೊಟ್ಟದ್ದು, ಬೆಳ್ಳಿ ನಾನು ಮಾಡಿಸಿದ್ದು. ಬೆಳ್ಳಿ ನಿನಗೆ. ನಿನ್ನ ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟಿಕೋ. ಪರೀಕ್ಷೆಯ ದಿನ ಆ ಕೋಣೆಗೆ ಹೋಗುವಾಗ ಬಿಚ್ಚಿ ಖಲೀಲನ ಕೈಯಲ್ಲಿ ಕೊಡು. ಅವನಿಗೆ ಹೇಳಿದ್ದೇನೆ, ಕೆಳಗಿಡುವುದಿಲ್ಲ. ಪರದೆ ತಂಪು ಎಂದು ತೋರಿಸಿದರೂ ನಂಬಬೇಡ. ಹೊರಗೆ ಬಂದ ಮೇಲೆ ಮೊದಲು ಲಿಂಗ ಕಟ್ಟಿಕೊಳ್ಳಬೇಕು, ಆಮೇಲೆ ನೀರು, ಆಮೇಲೆ ನನಗೆ ಫೋನು.

ಬಸ್ಸು ಬಿಡುವ ಹೊತ್ತಾಯಿತು.

ಇಂತಿ,
ಸುಭದ್ರಾಬಾಯಿ ಮಾಲಿಪಾಟೀಲ

ತಾ. ಕ.: ಕಂಡಕ್ಟರ್ ಇನ್ನೂ ಬಂದಿಲ್ಲ, ಅದಕ್ಕೆ ಒಂದು ಮಾತು. ಸಿಟ್ಟಿನಿಂದ ನಾನು ಮಗುವನ್ನು ಇಟ್ಟುಕೊಂಡೆ ಎಂದು ಮಟಕಿ ತಿಳಿದಿದೆ, ಜೇವರ್ಗಿ ತಿಳಿದಿದೆ, ನೀನೂ ತಿಳಿದೆ. ತಿಳಿಯಲು ನಾನೇ ಬಿಟ್ಟೆ. ಅಂದು ಮುಖ ನೋಡಲಿಲ್ಲ. ಕೊರಳು ಮುಟ್ಟಿದೆ, ಕರಡಿಗೆ ಇರಲಿಲ್ಲ. ನಾನು ಕಟ್ಟಿದ್ದನ್ನು ನನ್ನ ಮಗ ಬಿಚ್ಚುವವನಲ್ಲ, ಹಾಗಾದರೆ ಇವನು ಯಾರೋ ಬೇರೆ ತಾಯಿಯ ಮಗ ಎಂದು ಆ ಗದ್ದುಗೆಯ ಮುಂದೆಯೇ ನಿಶ್ಚಯ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಮಗು ಇಲ್ಲಿದ್ದರೆ ಅದನ್ನು ನೋಡಲು ಅವನು ಈ ಬಾಗಿಲಿಗೇ ಬರಬೇಕಲ್ಲ ಎಂದು ಇಟ್ಟುಕೊಂಡೆ. ಆ ಬಿಚ್ಚದ ಬುತ್ತಿ ಆಳುಗಳದಲ್ಲ, ಅವನದು. ನಿನಗೆ ಅವನು ಹೋಗಿ ವರ್ಷವಾಯಿತು ಶೈಲಾ. ನನಗೆ ಅವನು ಹೋದದ್ದು ಮೊನ್ನೆ ಎಳ್ಳಮಾಸಿಗೆ.